ಗಳಗನಾಥರ ಗಂಟು, ನಮ್ಮ ಮೇಷ್ಟ್ರ ಟ್ರಂಕು

ನಮ್ಮೂರ ಮೇಷ್ಟ್ರೊಬ್ಬರು ನಿವೃತ್ತರಾದ ಮೇಲೆ ಒಂದು ಕಾದಂಬರಿ ಬರೆದಿದ್ದಾರೆ. ಪಾವಗಡ ತಾಲ್ಲೂಕಿನ ಊರು ನಮ್ಮದು. ಕೆರೆ ಏರಿಯ ಮೇಲೆ ನಿಂತರೆ ನಿಡುಗಲ್ಲಿನ ಬೆಟ್ಟ ಕಾಣುತ್ತದೆ. ಮೂರು ತಲೆಮಾರಿನ ಬರ, ಗುಳೆ ಹೋದವರು, ಹೋಗದೆ ಉಳಿದವರು, ಅರ್ಧ ತೆಲುಗು ಬೆರೆತ ನಮ್ಮ ಮಾತು, ಎಲ್ಲವೂ ಅದರಲ್ಲಿದೆ. ನಾನೂರು ಪುಟದ ಕೈಬರಹ. ಕನ್ನಡ ಕಾದಂಬರಿಗಳ ಮೇಲೆಯೇ ಪಿಎಚ್.ಡಿ. ಮಾಡುತ್ತಿರುವವಳು ನಾನು. ನನ್ನ ಮಹಾಪ್ರಬಂಧದಲ್ಲಿ ಗಂಭೀರವಾಗಿ ಚರ್ಚಿಸುತ್ತಿರುವ ಕೆಲವು ಕೃತಿಗಳಿಗಿಂತ ಇದು ಚೆನ್ನಾಗಿದೆ. ಆದರೆ ಅದಿರುವುದು ಅವರ ಮನೆಯ ಟ್ರಂಕಿನಲ್ಲಿ.

ಮಧುಗಿರಿ, ಕೊರಟಗೆರೆ ದಾಟಿ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಮೇಷ್ಟ್ರು ಆ ಹಸ್ತಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಸಲ ಹೋಗಿಬಂದರು. ಪ್ರಕಾಶಕರೊಬ್ಬರು ಆರು ತಿಂಗಳು ಇಟ್ಟುಕೊಂಡು, "ಇನ್ನೂರು ಪ್ರತಿ ನೀವೇ ಕೊಳ್ಳುವುದಾದರೆ ನೋಡೋಣ" ಎಂದರು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅಂತರರಾಷ್ಟ್ರೀಯ ಬೂಕರ್ ಬಂತು. ಆಮೇಲೆ ಯಾರೋ ಮೇಷ್ಟ್ರ ಕಿವಿಯಲ್ಲಿ "ಏಜೆಂಟ್ ಹುಡುಕಿ ಸಾರ್" ಎಂದು ಊದಿದರು. ಅವರು ನನಗೆ ಫೋನ್ ಮಾಡಿದರು.

ಏಜೆಂಟರೊಬ್ಬರ ನಿಯಮಗಳನ್ನು ನಾನು ಓದಿ ಹೇಳಿದೆ. ಮೂರು ಅಧ್ಯಾಯ, ಇಂಗ್ಲಿಷಿನಲ್ಲಿ. ಒಂದು ಪುಟದ ಸಾರಾಂಶ, ಅದೂ ಇಂಗ್ಲಿಷಿನಲ್ಲಿ. ಜೊತೆಗೆ ಮಾರುಕಟ್ಟೆಯಲ್ಲಿ ಈ ಪುಸ್ತಕಕ್ಕೆ ಹೋಲುವ ಎರಡು ಮೂರು ಪುಸ್ತಕಗಳ ಹೆಸರು. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಮ್ಮಾ, ಇಂಥದ್ದೇ ಇನ್ನೊಂದು ಇದ್ದಿದ್ರೆ ನಾನ್ಯಾಕೆ ಕೂತ್ಕೊಂಡು ಬರೀತಿದ್ದೆ?" ಎಂದರು.

ಈ ಕಥೆಯನ್ನು ಸಾಹಿತ್ಯದ ಸಭೆಗಳಲ್ಲಿ ಹೇಳಿದರೆ ಎರಡು ಬಗೆಯ ಉತ್ತರ ಸಿಗುತ್ತದೆ. ಎರಡರ ಮೇಲೂ ನನಗೆ ಸಿಟ್ಟಿದೆ.

ಮೊದಲನೆಯದು ಹಿರಿಯರದು. "ಗಳಗನಾಥರು ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ನಿಮಗೆ ಏಜೆಂಟ್ ಬೇಕೇ?" 1942ರಲ್ಲಿ ತೀರಿಕೊಂಡ ಗಳಗನಾಥರ ಆ ಗಂಟನ್ನು ನಾವು ಇನ್ನೂ ಕೆಳಗಿಳಿಸಿಲ್ಲ. ಅವರು ಕನ್ನಡಕ್ಕೆ ಓದುಗರನ್ನು ಮಾಡಿಕೊಟ್ಟವರು, ನಿಜ. ಆದರೆ ಪುಸ್ತಕ ಹೊತ್ತು ನಡೆದ ದಿನಗಳಲ್ಲಿ ಅವರು ಬರೆಯದೆ ಉಳಿದ ಪುಟಗಳನ್ನು ಯಾರಾದರೂ ಎಣಿಸಿದ್ದಾರೆಯೇ? ಕಾರಂತರು ಪುತ್ತೂರಿನಲ್ಲಿ ತಾವೇ ಪ್ರಕಾಶಕರಾದರು, ತೇಜಸ್ವಿಯವರು 'ಪುಸ್ತಕ ಪ್ರಕಾಶನ' ನಡೆಸಿದರು ಎಂದು ನಾವು ಹೆಮ್ಮೆಪಡುತ್ತೇವೆ. ಅದು ಅವರ ಶಕ್ತಿ. ಲೇಖಕ ತಾನೇ ಪ್ರಕಾಶಕನೂ ಹಮಾಲಿಯೂ ಆಗಬೇಕಾದ ವ್ಯವಸ್ಥೆಯನ್ನು ಅದರಿಂದ ಸಮರ್ಥಿಸಲಾಗದು. ಅನಂತಮೂರ್ತಿ, ಭೈರಪ್ಪ, ನಮ್ಮ ಶಿರಾ ಸೀಮೆಯ ಬರಗೂರು ರಾಮಚಂದ್ರಪ್ಪ, ಇವರೆಲ್ಲ ಮೇಷ್ಟ್ರುಗಳು. ಕನ್ನಡ ಕಾದಂಬರಿಯನ್ನು ಸಾಕಿದ್ದು ಬಹುಮಟ್ಟಿಗೆ ಕಾಲೇಜಿನ ಸಂಬಳ. ಅತಿಥಿ ಉಪನ್ಯಾಸಕರಾಗಿ ಮಾರ್ಚಿಗೆ ಕೆಲಸ ಕಳೆದುಕೊಳ್ಳುವ ನನ್ನ ತಲೆಮಾರಿಗೆ ಆ ಸಂಬಳವೂ ಇಲ್ಲ. ನಮಗೆ ಗಂಟಿನ ಮಹಿಮೆ ಹೇಳಬೇಡಿ.

ಎರಡನೆಯದು ನನ್ನ ಓರಗೆಯವರದು. ಏಜೆಂಟ್ ಬಂದರೆ ಎಲ್ಲ ಸರಿಹೋಗುತ್ತದೆ, ಆಮೇಲೆ ಉತ್ಸವಗಳು, ವಿಮಾನದ ಟಿಕೆಟು, ಬರೆಯಲು ಪರದೇಶದಲ್ಲೊಂದು ಕೋಣೆ. ಒಂದು ಲೆಕ್ಕ ಹಾಕೋಣ. 200 ರೂಪಾಯಿ ಬೆಲೆಯ ಕಾದಂಬರಿ 500 ಪ್ರತಿ ಮಾರಾಟವಾಗಿ, ಶೇ. 10ರ ಗೌರವಧನ ಪೂರ್ತಿ ಕೈಸೇರಿತು ಎಂದುಕೊಳ್ಳಿ. ಲೇಖಕರಿಗೆ 10,000 ರೂಪಾಯಿ. ಏಜೆಂಟರ ರೂಢಿಯ ಪಾಲು ಶೇ. 15, ಅಂದರೆ 1,500 ರೂಪಾಯಿ. ಇಷ್ಟಕ್ಕೆ ನಾನೂರು ಪುಟ ಓದಿ, ತಿದ್ದಿಸಿ, ಕರಾರು ಮಾಡಿಸುವವರು ಯಾರು? ಕನ್ನಡದೊಳಗೆ ಈ ವೃತ್ತಿ ಹುಟ್ಟದಿರುವುದಕ್ಕೆ ಕಾರಣ ಈ ಲೆಕ್ಕದಲ್ಲೇ ಇದೆ. ಇನ್ನು ದೆಹಲಿ, ಲಂಡನ್ನಿನ ಏಜೆಂಟರು. ಅವರ ಬಾಗಿಲಿಗೆ ಮೊದಲು ತಲುಪಬೇಕಾದದ್ದು ಇಂಗ್ಲಿಷ್. ಹಾಗಾಗಿ ನಮ್ಮ ಮೊದಲ ಕೊರತೆ ಅನುವಾದಕರದು. ಅದಕ್ಕೂ ಮುಂಚಿನದು ಅನುವಾದಕರಿಗೆ ಕೊಡುವ ಕೂಲಿಯದು.

'ಹಾರ್ಟ್ ಲ್ಯಾಂಪ್' ಹೋದ ದಾರಿಯನ್ನೇ ನೋಡಿ. ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಹಾಸನದ ವಕೀಲೆಯೊಬ್ಬರು ಬರೆದ ಕಥೆಗಳಲ್ಲಿ ಹನ್ನೆರಡನ್ನು ದೀಪಾ ಭಾಸ್ತಿ ಆರಿಸಿ ಅನುವಾದಿಸಿದರು. ಆ ಅನುವಾದಕ್ಕೆ 'ಇಂಗ್ಲಿಷ್ ಪೆನ್' ಸಂಸ್ಥೆಯ ಅನುದಾನ ಸಿಕ್ಕಿತು. ಬಹುಮಾನದ 50,000 ಪೌಂಡ್ ಇಬ್ಬರಿಗೂ ಸಮನಾಗಿ ಹಂಚಿಕೆಯಾಯಿತು. ಸನ್ಮಾನದ ಶಾಲು ಹಿಡಿದು ಸಾಲುಗಟ್ಟಿದ ನಾವು ಇದರಿಂದ ಕಲಿಯಬೇಕಾದ ಪಾಠ ಒಂದೇ: ಅನುವಾದಕ್ಕೆ ಯಾರೋ ದುಡ್ಡು ಇಟ್ಟಿದ್ದರು. ಹಾಗೆ ಇಟ್ಟದ್ದು ಲಂಡನ್ನಿನ ಒಂದು ಲೇಖಕರ ಸಂಸ್ಥೆ.

ಏಜೆಂಟರು ಮಾಡುವ ಇನ್ನೊಂದು ಕೆಲಸ ಕರಾರು ಓದುವುದು. ನಮ್ಮ ತಿರುಮಣಿಯ ಸುತ್ತಲ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯ ಸೋಲಾರ್ ಪಾರ್ಕ್ ಇದೆ. ರೈತರು ಆ ಜಮೀನನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಕಾಲಕಾಲಕ್ಕೆ ಏರಿಕೆ, ಎಲ್ಲವೂ ಬರಹದಲ್ಲಿ. ಆ ಯೋಜನೆಯಲ್ಲಿ ಕೂಲಿಯವರಿಗೆ ಆದ ಅನ್ಯಾಯ ಬೇರೆಯೇ ಮಾತು. ಆದರೆ ಪಹಣಿ ಇದ್ದ ರೈತ ತನ್ನ ಹೆಸರನ್ನು ಪಹಣಿಯಲ್ಲಿ ಉಳಿಸಿಕೊಂಡ. ಕನ್ನಡದ ಕಾದಂಬರಿಕಾರ ಮಾತ್ರ ಎಷ್ಟೋ ಸಲ ಬಾಯಿಮಾತಿನಲ್ಲೇ ಪುಸ್ತಕ ಕೊಟ್ಟು, "ಹಕ್ಕುಗಳೆಲ್ಲ ಅವರದೇ ಇರಬೇಕು" ಎಂದುಕೊಂಡು ಸುಮ್ಮನಾಗುತ್ತಾನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು ಹೇಳುವುದು ಬೇರೆ: ಸಹಿಯಿರುವ ಬರಹವಿಲ್ಲದೆ ಹಕ್ಕಿನ ವರ್ಗಾವಣೆಯೇ ಆಗದು. ಬರಹದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಕನ್ನಡ ಎಂ.ಎ. ತರಗತಿಗಳಲ್ಲಿ ನಾವು ಕಾದಂಬರಿಯ ಆಕೃತಿ, ಆಶಯ ಎಲ್ಲ ಕಲಿತೆವು. ಈ ನಾಲ್ಕು ಸಾಲನ್ನು ಯಾರೂ ಹೇಳಿಕೊಡಲಿಲ್ಲ.

ಹಾಗಾದರೆ ಏನು ಬೇಕು? ಏಜೆಂಟ್ ಎಂಬ ಒಬ್ಬ ವ್ಯಕ್ತಿ ಬಂದು ನಮ್ಮನ್ನು ಉದ್ಧಾರ ಮಾಡಬೇಕಿಲ್ಲ. ಏಜೆಂಟರ ಕೆಲಸವನ್ನು ಸಾರ್ವಜನಿಕ ಸಂಸ್ಥೆಯೊಂದು ಮಾಡಬೇಕು. ದಕ್ಷಿಣ ಕೊರಿಯಾ ತನ್ನ ಸಾಹಿತ್ಯದ ಅನುವಾದಕ್ಕೆ ದಶಕಗಳಿಂದ ಸರ್ಕಾರಿ ಸಂಸ್ಥೆಯನ್ನೇ ನಡೆಸುತ್ತಿದೆ. ಪಕ್ಕದ ತಮಿಳುನಾಡು 2023ರಿಂದ ಚೆನ್ನೈನಲ್ಲಿ ಅಂತರರಾಷ್ಟ್ರೀಯ ಪುಸ್ತಕ ಮೇಳ ನಡೆಸಿ ಹಕ್ಕುಗಳ ಮಾತುಕತೆಗೆ ಮೇಜು ಹಾಕಿಕೊಟ್ಟಿದೆ, ಅನುವಾದಕ್ಕೆ ಅನುದಾನವನ್ನೂ ಇಟ್ಟಿದೆ. ನಮ್ಮಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರವಿದೆ, ಕುವೆಂಪು ಭಾಷಾ ಭಾರತಿ ಪ್ರಾಧಿಕಾರವಿದೆ. ಇವೆರಡೂ ಸೇರಿ ವರ್ಷಕ್ಕೆ ಇಪ್ಪತ್ತು ಕನ್ನಡ ಕೃತಿಗಳ ಐವತ್ತೈವತ್ತು ಪುಟಗಳನ್ನು ಕೂಲಿ ಕೊಟ್ಟು ಇಂಗ್ಲಿಷಿಗೆ ಮಾಡಿಸಲಿ. ಲೇಖಕರ ಕೈಗೆ ಕನ್ನಡದಲ್ಲೇ ಒಂದು ಮಾದರಿ ಕರಾರು ಕೊಡಲಿ. ಹಸ್ತಪ್ರತಿ ಓದಿ ಕಾರಣಸಹಿತ ಉತ್ತರ ಬರೆಯುವ ಓದುಗರನ್ನು ನೇಮಿಸಲಿ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕೆಲಸವಿಲ್ಲದ ಸಂಶೋಧಕರಿಗೆ ಬರವಿಲ್ಲ. ಒಂದು ಸಮ್ಮೇಳನದ ಪೆಂಡಾಲಿನ ಖರ್ಚಿನಲ್ಲಿ ಇವೆಲ್ಲ ಆಗುತ್ತವೆ.

"ಲೇಖಕ ಲೋಕ ಸುತ್ತಬೇಕು, ಅನುಭವ ಬೇಕು" ಎನ್ನುವವರೂ ಇದ್ದಾರೆ. ಸುತ್ತಲಿ. 'ಪರ್ವ'ಕ್ಕಾಗಿ ಭೈರಪ್ಪನವರು ಹಿಮಾಲಯಕ್ಕೆ ಹೋದರು. ಅದು ಕಾದಂಬರಿಗಾಗಿ ಮಾಡಿದ ಪ್ರಯಾಣ. ಹಸ್ತಪ್ರತಿ ಮರಳಿ ಪಡೆಯಲು ಅರವತ್ತು ದಾಟಿದವರು ಬೆಂಗಳೂರಿನ ಮೆಟ್ಟಿಲ ಮೇಲೆ ಕಾಯುವುದನ್ನು ಅದೇ ಹೆಸರಿನಿಂದ ಕರೆಯುವುದು ಮೋಸ.

ಸದ್ಯಕ್ಕೆ ಮೇಷ್ಟ್ರ ಮೊದಲ ಅಧ್ಯಾಯವನ್ನು ನಾನೇ ಇಂಗ್ಲಿಷಿಗೆ ಮಾಡುತ್ತಿದ್ದೇನೆ. ಹದಿನಾಲ್ಕು ಪುಟ ಆಗಿದೆ. ಅಷ್ಟರಲ್ಲಿ ನನ್ನ ಮಹಾಪ್ರಬಂಧದ ನಾಲ್ಕನೇ ಅಧ್ಯಾಯ ಎರಡು ತಿಂಗಳು ಹಿಂದೆ ಬಿದ್ದಿದೆ, ಮಾರ್ಗದರ್ಶಕರು ಕೇಳಿದರೆ ಸುಳ್ಳು ಹೇಳುತ್ತಿದ್ದೇನೆ. ಅಂದರೆ ಗಳಗನಾಥರ ಗಂಟು ಈಗ ನನ್ನ ತಲೆಯ ಮೇಲಿದೆ. ದಯವಿಟ್ಟು ಇದನ್ನು ಕನ್ನಡದ ಸೇವೆ ಎಂದು ಹೊಗಳಬೇಡಿ. ಕೂಲಿ ಎಷ್ಟು ಎಂದು ಕೇಳಿ.