ಮಾರ್ಸೇಲ್ಸಿನಲ್ಲಿ ಎರಡು ದಿನ

ಫ್ರಾನ್ಸದ ದಕ್ಷಿಣ ತೀರದಲ್ಲಿರುವ ಮಾರ್ಸೇಲ್ಸ್ ಪಟ್ಟಣದಲ್ಲಿ ಎರಡು ದಿನ ನಿಲ್ಲುವ ಯೋಗವು ಇತ್ತೀಚೆಗೆ ನಮಗೆ ಒದಗಿತ್ತು. ಎರಡೂವರೆ ಸಾವಿರ ವರ್ಷಗಳಿಗೂ ಹಿಂದೆ ಗ್ರೀಕ ನಾವಿಕರು ನೆಲೆಗೊಳಿಸಿದ ಈ ಊರಿನಲ್ಲಿ ಬಿಸಿಲಿಗೆ ಬಡತನವಿಲ್ಲ. ಹಳೆಯ ಬಂದರದ ಕಟ್ಟೆಯ ಮೇಲೆ ಬೆಳಿಗ್ಗೆ ಮೀನಿನ ಸಂತೆ, ಗುಡ್ಡದ ನೆತ್ತಿಯಲ್ಲಿ ಹೊನ್ನಿನ ಮುಲಾಮಿನ ಮಾತೆಯ ವಿಗ್ರಹವುಳ್ಳ ದೇವಾಲಯ, ಎದುರಿನ ನೀಲಿ ಕಡಲಿನಲ್ಲಿ ಇಫ್ ದ್ವೀಪದ ಹಳೆಯ ಸೆರೆಮನೆ. ಪ್ರವಾಸಿಗಳು ಇವಿಷ್ಟನ್ನು ಕಂಡು, ಭಾವಚಿತ್ರಗಳನ್ನು ತೆಗೆದುಕೊಂಡು, ಸಂತುಷ್ಟರಾಗಿ ಹಿಂದಿರುಗುವರು. ನಮ್ಮ ದೇಶದವರೂ ಹಾಗೆಯೇ ಮಾಡುವರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಭಾರತೀಯನಿಗೆ ಈ ಬಂದರವು ಬರಿಯ ನೋಟದ ಸ್ಥಳವಲ್ಲವೆಂಬುದನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ.

ನಮ್ಮವರು ಹಿಂದೆ ಇಲ್ಲಿಗೆ ಬಂದದ್ದೂ ಅಲ್ಪಕಾಲಕ್ಕಾಗಿಯೇ. 1910ನೆಯ ಜುಲೈ 8ರಂದು ಸಾವರಕರರು ತಮ್ಮನ್ನು ಸೆರೆಯಾಳಾಗಿ ಒಯ್ಯುತ್ತಿದ್ದ ‘ಮೋರಿಯಾ’ ಹಡಗಿನ ಕಿಂಡಿಯಿಂದ ನೀರಿಗೆ ಹಾರಿ, ಈಜಿ ದಡ ಸೇರಿದರು. ಫ್ರೆಂಚ ನೆಲದಲ್ಲಿ ಅವರು ಸ್ವತಂತ್ರರಾಗಿ ಇದ್ದದ್ದು ಕೆಲವೇ ನಿಮಿಷ. ಅಲ್ಲಿಯ ಪೋಲೀಸರೇ ಅವರನ್ನು ಹಿಡಿದು ಇಂಗ್ಲಿಷರ ಕೈಗೆ ಕೊಟ್ಟರು. ಹೇಗ್ ನಗರದ ಪಂಚಾಯತಿಯು 1911ರಲ್ಲಿ, ಕ್ರಮವು ತಪ್ಪಿತ್ತೆಂದು ಒಪ್ಪಿಯೂ, ಬಂದಿಯನ್ನು ಹಿಂದಿರುಗಿಸಬೇಕಾಗಿಲ್ಲವೆಂದು ತೀರ್ಪಿತ್ತಿತು. ತಪ್ಪು ಉಂಟು, ಪರಿಹಾರವಿಲ್ಲ! ದುರ್ಬಲ ರಾಷ್ಟ್ರಗಳಿಗೆ ನ್ಯಾಯವು ಬಹುಕಾಲ ಈ ಬಗೆಯಲ್ಲಿಯೇ ದೊರೆತಿದೆ.

ನಾಲ್ಕೇ ವರ್ಷಗಳ ತರುವಾಯ, 1914ನೆಯ ಸಪ್ಟೆಂಬರ ಕೊನೆಯಲ್ಲಿ, ಅದೇ ಬಂದರದಲ್ಲಿ ಲಾಹೋರ ಡಿವಿಜನ್ನಿನ ಸಿಪಾಯಿಗಳು ಇಳಿದರು. ಊರ ಜನರು ಬೀದಿಗಳಲ್ಲಿ ನೆರೆದು ಅವರಿಗೆ ಹೂವುಗಳನ್ನಿತ್ತರು. ತೆಳು ಬಟ್ಟೆಯಲ್ಲಿ ಬಂದಿದ್ದ ಆ ಸಿಪಾಯಿಗಳು ಒಂದು ತಿಂಗಳೊಳಗಾಗಿ ಈಪ್ರ್ ರಣಭೂಮಿಯ ಚಳಿಯಲ್ಲಿಯೂ ಕೆಸರಿನಲ್ಲಿಯೂ ನಿಂತಿದ್ದರು. ಸ್ವಾತಂತ್ರ್ಯವನ್ನು ಬೇಡಿ ಬಂದವನಿಗೆ ಬೇಡಿ, ಪರರಿಗಾಗಿ ಪ್ರಾಣ ಕೊಡಲು ಬಂದವರಿಗೆ ಪುಷ್ಪ!

1931ನೆಯ ಸಪ್ಟೆಂಬರ 11ರಂದು ಮಹಾತ್ಮಾ ಗಾಂಧಿಯವರು ದುಂಡುಮೇಜಿನ ಪರಿಷತ್ತಿಗೆ ಹೋಗುವಾಗ ಇಲ್ಲಿಯೇ ಇಳಿದರು. ಸುಂಕದ ಅಧಿಕಾರಿಗೆ ಅವರು ತೋರಿಸಿದ ಆಸ್ತಿಯಲ್ಲಿ ಚರಕಗಳೂ ಸೆರೆಮನೆಯ ಪಾತ್ರೆಗಳೂ ಮುಖ್ಯವಾಗಿದ್ದವು.

ಸಾವರಕರರನ್ನೂ ಗಾಂಧಿಯವರನ್ನೂ ದೇಶವು ಮರೆತಿಲ್ಲ; ಮರೆತಿರುವದು ಸಿಪಾಯಿಗಳನ್ನು. ಪಟ್ಟಣದ ದಕ್ಷಿಣಕ್ಕಿರುವ ಮಜಾರ್ಗ್ ರುದ್ರಭೂಮಿಯಲ್ಲಿ ಅವರ ಸಮಾಧಿಗಳೂ ಸ್ಮಾರಕವೂ ಇವೆ. ನಾವು ಹೋದ ದಿನ ಅಲ್ಲಿ ಬೇರೊಬ್ಬ ಭಾರತೀಯನಿರಲಿಲ್ಲ. ಹುಲ್ಲನ್ನು ಒಪ್ಪವಾಗಿ ಕತ್ತರಿಸಿದ್ದರು. ಕಲ್ಲುಗಳ ಮೇಲಿನ ಹೆಸರುಗಳನ್ನು ಓದುವವರು ಮಾತ್ರ ಇರಲಿಲ್ಲ.

“ಪರರ ಸಾಮ್ರಾಜ್ಯಕ್ಕಾಗಿ ಕೂಲಿಗೆ ಕಾದಿದವರಿಗೆ ಗೌರವವೇಕೆ?” ಎಂದು ಕೆಲವರು ಕೇಳುವರು. ಪ್ರಶ್ನೆಯು ಅಲಕ್ಷ್ಯಕ್ಕೆ ಅರ್ಹವಾದುದಲ್ಲ. ಆದರೆ ತಿಂಗಳಿಗೆ 11 ರೂಪಾಯಿ ಸಂಬಳಕ್ಕಾಗಿ ಸಮುದ್ರ ದಾಟಿದ ರೈತನ ಮಗನು ಆ ಸಾಮ್ರಾಜ್ಯವನ್ನು ಕಟ್ಟಿದವನಲ್ಲ. ಅದರ ಹೊರೆಯನ್ನು ಹೊತ್ತವನು. ಒಂದು ಲಕ್ಷಕ್ಕೂ ಮಿಕ್ಕಿದ ಭಾರತೀಯರು ಫ್ರಾನ್ಸ-ಬೆಲ್ಜಿಯಮ್‌ಗಳಿಗೆ ಹೋದರು. ಅವರ ರಕ್ತಕ್ಕೆ ಪ್ರತಿಫಲವಾಗಿ 1919ರಲ್ಲಿ ಪಂಜಾಬಕ್ಕೆ ದೊರೆತದ್ದು ಜಲಿಯನ್‌ವಾಲಾ ಬಾಗು. ಸಾಮ್ರಾಜ್ಯದ ಮಾತಿಗೆ ಬೆಲೆಯಿಲ್ಲವೆಂಬ ಪಾಠವನ್ನು ದೇಶವು ಕಲಿತದ್ದರಲ್ಲಿ ಈ ಸಮಾಧಿಗಳ ಪಾಲೂ ಉಂಟು. ಧಣಿಯ ಪಾಪವನ್ನು ಆಳಿನ ಸಮಾಧಿಯ ಮೇಲೆ ಹೊರಿಸುವದು ದೇಶಭಕ್ತಿಯಲ್ಲ.

2025ನೆಯ ಫೆಬ್ರುವರಿ 12ರಂದು ಪ್ರಧಾನಮಂತ್ರಿಗಳು ಫ್ರಾನ್ಸದ ಅಧ್ಯಕ್ಷರೊಡನೆ ಮಜಾರ್ಗಿಗೆ ಹೋಗಿ ಪುಷ್ಪವನ್ನರ್ಪಿಸಿದರು. ಅಂದೇ ಆ ಪಟ್ಟಣದಲ್ಲಿ ಭಾರತದ ದೂತಾಲಯವೂ ತೆರೆಯಲ್ಪಟ್ಟಿತು. ಇದು ಸ್ತುತ್ಯವಾದ ಕಾರ್ಯ. ಆದರೆ ದೊಡ್ಡವರು ಒಮ್ಮೆ ಇಟ್ಟ ಹೂವು ಸಂಜೆಗೆ ಬಾಡುವದು. ದೂತಾಲಯದವರು ಆ ಸಮಾಧಿಗಳ ವೃತ್ತಾಂತವನ್ನು ಕನ್ನಡವೂ ಸೇರಿದಂತೆ ನಮ್ಮ ದೇಶಭಾಷೆಗಳಲ್ಲಿ ಒಂದು ಚಿಕ್ಕ ಪುಸ್ತಕವಾಗಿ ಅಚ್ಚು ಹಾಕಿಸಿ ಪ್ರವಾಸಿಗಳಿಗೆ ಕೊಡುವದು ಅಸಾಧ್ಯವೆ? ಯುರೋಪಿನ ಪ್ರವಾಸವನ್ನು ಏರ್ಪಡಿಸುವ ನಮ್ಮೂರಿನ ಕಂಪನಿಗಳು ಒಂದು ಗಂಟೆಯನ್ನು ಅಲ್ಲಿಗಾಗಿ ಮೀಸಲಿಡಬಾರದೆ?

ಬಿಸಿಲನ್ನೂ ಕಡಲನ್ನೂ ನೋಡಿದವನು ಮಾರ್ಸೇಲ್ಸನ್ನು ನೋಡಿದನೆನ್ನಲು ಅಡ್ಡಿಯಿಲ್ಲ. ಆದರೆ ಭಾರತೀಯನು ಮಜಾರ್ಗಿನಲ್ಲಿ ಒಂದು ಹೆಸರನ್ನಾದರೂ ಓದಿ ಬರಲಿ.