ಎಳಿ ಎಲ್ಲಿ ತಪ್ಪೈತಿ ಹೇಳ್ರಿ, ಆಮ್ಯಾಲ ಚಂದ ಅನ್ನೋಣು

ಹ್ವಾದ ತಿಂಗಳ ನನ್ನ ಪುಟದ ತಲಿ ಮ್ಯಾಲಿನ ಚಿತ್ರ ಬದಲ ಮಾಡಿದ್ನಿರಿ. ನಮ್ಮ ಮನ್ಯಾಗಿನ ಹಳೇ ಇಳಕಲ್ ಸೀರಿ ಸೆರಗಿನ ಫೋಟೋ ತಗದು, ಬೇಕಂತನ ಕೆಡಿಸಿ ಹಾಕೇನಿ. ಕೆಂಪು ಟೋಪ ತೆನಿ ಅರ್ಧಕ್ಕ ಮುರದು ಬಾಜೂಕ ಸರದೈತಿ, ಅದರ ಕೆಳಗಿಂದೆಲ್ಲಾ ಹಸರಿಗೆ ತಿರಗೈತಿ. ಇದಕ್ಕ ಗ್ಲಿಚ್ ಕಲೆ ಅಂತಾರ. ನೋಡಿದವ್ರು ಎರಡ ಥರಾ ಕೇಳಿದ್ರು. ಒಂದು, “ನಿಮ್ಮ ಫೋನ್ ಒಡದೈತೇನ್ರಿ?” ಇನ್ನೊಂದು, “ಭಾರಿ ಆಗೈತಲ್ಲ, ಯಾವ ಆ್ಯಪ್?” ನಮ್ಮತ್ತಿಯವರು ಮಾತ್ರ ಚಾಳೀಸ ಏರಿಸಿಕೊಂಡು ನೋಡಿ, “ಯವ್ವಾ, ಎಳಿ ಎಲ್ಲಿ ತಪ್ಪೈತಿ?” ಅಂದ್ರು.

ಖರೇ ಪ್ರಶ್ನಿ ಅದೊಂದ ನೋಡ್ರಿ. ಉಳದ ಎರಡಕ್ಕೂ ನನಗ ಸಿಟ್ಟು ಬರತೈತಿ, ಅದರಾಗೂ ಎರಡನೇದಕ್ಕ ಜಾಸ್ತಿ.

ಆ್ಯಪಿನ ಬಟನ್ ಒತ್ತಿದ್ರ ಯಾರ ಫೋಟೋ ಇದ್ರೂ ಅದ ಅಡ್ಡಗೀಟು, ಅದ ಕೆಂಪು-ನೀಲಿ ನೆರಳು. ಅಲ್ಲಿ ಕೆಟ್ಟಿದ್ದು ಏನೂ ಇಲ್ಲ, ಕೆಟ್ಟಂಗ ಕಾಣೂ ಬಣ್ಣಾ ಬಳದಿರ್ತಾರ ಅಷ್ಟ. ಡಚ್ ಕಲಾವಿದೆ ರೋಸಾ ಮೆಂಕ್ಮನ್ 2011ರಾಗ ಗ್ಲಿಚ್ ಬಗ್ಗೆನ ಒಂದು ಪುಸ್ತಕ ಬರದ್ರು. ಗ್ಲಿಚ್ ಅನ್ನೂದು ಬರೇ ಒಂದು ನಮೂನಿ ಆಗಿ, ಮಾರೂ ಮಾಲು ಆಗೂ ಮಾತು ಆಗಲೇ ಅದರಾಗ ಬಂದಿತ್ತು. ಈಗ ನಮ್ಮೂರ ಲಗ್ನದ ವಿಡಿಯೋದಾಗೂ ಆ ಗೀಟು ಬಂದಾವು.

ನಾ ಕಲತದ್ದು ಹಿಂಗ್ರಿ. ಫೋಟೋದ ನಕಲು ಮಾಡಿಕೋಬೇಕು, ಅಸಲಿ ಮುಟ್ಟಬಾರ್ದು. ಆ ನಕಲನ್ನ ಹೆಕ್ಸ್ ಎಡಿಟರಿನಾಗ ತಗದ್ರ ಚಿತ್ರ ಕಾಣಂಗಿಲ್ಲ, ಅಂಕಿ-ಅಕ್ಷರದ ಸಾಲು ಕಾಣತಾವು. ಮೊದಲಿನ ಭಾಗ ಫೈಲಿನ ತಲಿ. ಚಿತ್ರದ ಅಳತಿ, ಲೆಕ್ಕ ಎಲ್ಲಾ ಅಲ್ಲೇ ಇರತೈತಿ. ಅದನ್ನ ಕೆಡಿಸಿದ್ರ ಫೈಲ್ ತೆರಿಯೂದ ಇಲ್ಲ. ಅದನ್ನ ಬಿಟ್ಟು ಕೆಳಗ ಎಲ್ಲೆರ ಎರಡು ಅಂಕಿ ತಿದ್ದಿ ನೋಡ್ರಿ. ಜೆಪೆಗ್ ಚಿತ್ರ 8 ಚುಕ್ಕಿ ಉದ್ದ, 8 ಚುಕ್ಕಿ ಅಗಲದ ಮನಿಗಳಾಗಿ ಕೂತಿರತೈತಿ. ಒಂದು ಮನಿ ಬಣ್ಣ ಹಿಂದಿನ ಮನಿಗಿಂತ ಎಷ್ಟು ಹೆಚ್ಚು-ಕಡಿಮಿ ಅಂತ ಬರದಿರತೈತಿ. ಹಿಂಗಾಗಿ ಒಂದು ಕಡೆ ತಪ್ಪಿದ್ರ ಮುಂದಿಂದೆಲ್ಲಾ ತಪ್ಪತಾ ಹೋಗತೈತಿ. ಸಾದಾ ಬಿಎಂಪಿ ಫೈಲ್ ಹಂಗಲ್ಲ. ಅದರಾಗ ಒಂದು ಅಂಕಿ ಬದಲಿಸಿದ್ರ ಆ ಒಂದು ಚುಕ್ಕಿ ಅಷ್ಟ ಕೆಡತೈತಿ.

ಇದನ್ನ ಅತ್ತಿಯವರಿಗೆ ಹೇಳಿದ್ರ ನಕ್ಕುಬಿಟ್ರು. “ಹಂಗಾರ ಒಂದು ಹಾಸಿನ ತಪ್ಪು, ಒಂದು ಹೊಕ್ಕಿನ ತಪ್ಪು ಅನ್ನು. ಹೊಕ್ಕು ತಪ್ಪಿದ್ರ ಲಾಳಿ ಹಿಂದಕ್ಕ ತಗೊಂಡು ಬಿಚ್ಚಬಹುದು. ಹಾಸಿನಾಗ ಎಳಿ ತಪ್ಪಿ ಕೂತ್ರ ಸೀರಿ ಮುಗಿಯೂತನಕ ಗೀಟು ಕಾಣತೈತಿ.” ನಾ ಮೂರು ವಾರ ಕಲತದ್ದು ಅವರಿಗೆ ಮೂವತ್ತು ವರ್ಷದ ಹಿಂದನ ಗೊತ್ತಿತ್ತು.

ಪುಟದ ರೂಪ ಬದಲ ಮಾಡೂವಾಗೂ ಇದ ಅನುಭವ ಆತು. ತಯಾರ ಸಿಗೂ ಥೀಮ್ ಭಾಳಷ್ಟು ಇಂಗ್ಲಿಷ್ ಅಕ್ಷರದ ಮೈಗೆ ಹೊಲದ ಅಂಗಿ. ಸಾಲಿನ ನಡುವ ಜಾಗಾ ಕಡಿಮಿ, ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಬಡೀತಿತ್ತು. ಸಿಎಸ್‌ಎಸ್‌ದಾಗ ಒಂದು ಸಾಲು ಹುಡುಕಿ, ಅಂತರ 1.8 ಮಾಡಿದ ಮ್ಯಾಲ ಅಕ್ಷರ ಉಸಿರಾಡಿದ್ವು. ಹಿಂದಕ್ಕ ಹಳೇ ನುಡಿ ಫಾಂಟಿನಾಗ ಟೈಪ್ ಮಾಡಿದ್ದನ್ನ ಆ ಫಾಂಟ್ ಇಲ್ಲದ ಕಂಪ್ಯೂಟರಿನಾಗ ತಗದ್ರ, ಕೊಂಬು-ಬಾಲ ಇದ್ದ ಇಂಗ್ಲಿಷ್ ಅಕ್ಷರ ಬರ್ತಿದ್ವು, ನೆನಪೈತೇನ್ರಿ? ಅದೂ ಗ್ಲಿಚ್ಚೇ. ಅದಕ್ಕ ಯಾರೂ ಕಲೆ ಅನ್ನಲಿಲ್ಲ. ಅರ್ಜಿ ಕೊಡಾಕ ಬಂದಾಂವ ರೊಕ್ಕಾ ಕೊಟ್ಟು ಇನ್ನೊಮ್ಮೆ ಟೈಪ್ ಮಾಡಿಸಬೇಕಾತು.

ನನ್ನ ಜಗಳ ಇರೂದ ಇಲ್ಲೆ. ತಪ್ಪು ಯಾರಿಗೆ ಚಂದ ಕಾಣತೈತಿ, ದಂಡಾ ಯಾರು ತೆರತಾರ?

ಕೈಮಗ್ಗದ ಸೀರಿಗೆ ಕಟ್ಟಿದ ಚೀಟಿ ಓದ್ರಿ. ಎಳಿಯೊಳಗಿನ ಸಣ್ಣ ಏರುಪೇರು ಕೈಮಗ್ಗದ ಸೊಗಸು, ಅದು ದೋಷ ಅಲ್ಲ ಅಂತ ಬರದಿರತೈತಿ. ಕೊಳ್ಳಾವ್ರು ಅದನ್ನ ಓದಿ ಖುಷಿಯಿಂದ ರೊಕ್ಕಾ ಎಣಸ್ತಾರ. ಆದ್ರ ನಮ್ಮತ್ತಿಯವರು ನೇಯೂವಾಗ ಇಂಥಾದ ಒಂದು ಗೀಟು ಬಿದ್ದಿತ್ತು. ನೂಲು ಕೊಟ್ಟಾಂವ ಸೀರಿ ಬೆಳಕಿಗೆ ಹಿಡದು ನೋಡಿ, “ಇದು ಡ್ಯಾಮೇಜ್” ಅಂತ ಕೂಲಿ ಮುರಕೊಂಡ. ಆ ವಾರ ಮನ್ಯಾಗ ಎಣ್ಣಿ ಅರ್ಧ ಕಿಲೋ ಕಡಿಮಿ ತಂದ್ರಂತ. ಅದ ಸೀರಿ ಅಂಗಡ್ಯಾಗ ಡ್ಯಾಮೇಜ್ ಅಂತ ಮಾರಾಟ ಆತೋ, ಸೊಗಸು ಅಂತ ಆತೋ, ನೇದವರಿಗೆ ಯಾರು ಬಂದು ಹೇಳ್ತಾರ?

ಇನ್ನ ಬಟನ್ ಒತ್ತಿದ ಗ್ಲಿಚ್ಚಿನ ಅಣತಮ್ಮ ನಮ್ಮ ಪ್ಯಾಟ್ಯಾಗನ ಐತಿ: ಟೋಪ ತೆನಿ ಛಾಪಾ ಹೊಡದ ‘ಇಳಕಲ್’ ಸೀರಿ. ಖರೇ ಇಳಕಲ್ ಸೀರ್ಯಾಗ ಮೈಯ ಹಾಸು ಬ್ಯಾರೆ, ಸೆರಗಿನ ರೇಶ್ಮಿ ಹಾಸು ಬ್ಯಾರೆ. ಎರಡನ್ನೂ ಕುಣಿಕಿಯೊಳಗ ಕುಣಿಕಿ ಹಾಕಿ ಕೊಂಡಿ ಜೋಡಸ್ತಾರ. ಛಾಪಾದಾಗ ಕೊಂಡಿ ಎಲ್ಲಿಂದ ಬರಬೇಕು? ತಪ್ಪಾಕ ಸುದ್ದಾ ಅಲ್ಲಿ ಎಳಿ ಇಲ್ಲ.

“ಎಲ್ಲಾರೂ ಕುಂತು ಅಂಕಿ ತಿದ್ದಾಕ ಆಗತೈತೇನ್ರಿ? ರೊಟ್ಟಿ ಯಾರು ಬಡೀಬೇಕು?” ಅಂತೀರಿ. ನಾನೂ ರೊಟ್ಟಿ ಬಡದ ಮ್ಯಾಲ, ಮಂದಿ ಮಲಗಿದ ಮ್ಯಾಲನ ಕಲತೇನಿ. ಬಟನ್ ಒತ್ತೂದು ಪಾಪ ಅಂತ ನಾ ಹೇಳಂಗಿಲ್ಲ. ಮಗಳ ಹುಟ್ಟಿದ ದಿನದ ಫೋಟೋಕ್ಕ ಒತ್ತಕೊಳ್ರಿ. ಆದ್ರ ಅದಕ್ಕ “ನಾ ಮಾಡಿದ ಕಲೆ” ಅನ್ನಬ್ಯಾಡ್ರಿ. ಒಂದ ಒಂದು ಸಲ ನೀವ ಕೈಯಿಂದ ಕೆಡಿಸಿ ನೋಡ್ರಿ. ನಾ ಕೆಡಿಸಿದ ಮೊದಲಿನ ಹನ್ನೊಂದು ಫೈಲ್ ತೆರೀಲೇ ಇಲ್ಲ. ಆವಾಗ ತಿಳೀತು, ಸುದ್ದ ಇರೂದು ಎಷ್ಟು ನಾಜೂಕ ಐತಿ, ಅದನ್ನ ದಿನಾ ಸುದ್ದ ಇಡಾವ್ರು ಎಷ್ಟು ದುಡೀತಾರ ಅಂತ. ಕಸೂತಿ ಹಾಕಿದವ್ರಿಗೆ ಇದು ಗೊತ್ತೈತಿ. ಗಂಟು ಹಾಕೂಹಂಗಿಲ್ಲ, ಗವಂತಿ ಹೊಲಿಗಿ ಎರಡೂ ಮಗ್ಗಲಾ ಒಂದ ನಮೂನಿ ಕಾಣಬೇಕು. ಒಂದು ಎಳಿ ಎಣಿಕಿ ತಪ್ಪಿದ್ರ ಬಿಚ್ಚೂದ ಗತಿ.

ಅದಕ್ಕ ಇನ್ನ ಮ್ಯಾಲ ಸೀರಿ ಅಂಗಡ್ಯಾಗ ಆ ಸೊಗಸಿನ ಚೀಟಿ ಕಂಡ್ರ ಒಂದು ಮಾತು ಕೇಳ್ರಿ: “ಈ ಏರುಪೇರಿಗೆ ನೇದವರ ಕೂಲಿ ಮುರದೀರೋ, ಇಲ್ಲೋ?” ಮುರದಿದ್ರ ಅದಕ್ಕ ಸೊಗಸು ಅನ್ನೂ ಹಕ್ಕು ಅವರಿಗಿಲ್ಲ. ಮುರದಿಲ್ಲ ಅಂದ್ರ ಸಂತೋಷದಿಂದ ತಗೋರಿ.

ನನ್ನ ಚಿತ್ರದ ಕೆಳಗ ನಿನ್ನಿ ಒಂದು ಸಾಲು ಸೇರಿಸೇನಿ: ನೇದವರು ನಮ್ಮತ್ತಿಯವರು, ಕೆಡಿಸಿದಾಕಿ ನಾನು. ಅತ್ತಿಯವರು ಓದಿಸಿಕೊಂಡು, “ನನ್ನ ಗೀಟು ಬ್ಯಾರೆ, ನಿನ್ನ ಗೀಟು ಬ್ಯಾರೆ, ಎರಡೂ ಕಲಸಬ್ಯಾಡ” ಅಂದ್ರು. ಅದನ್ನೂ ಬರದು ಹಾಕೇನ್ರಿ.