ರಸ್ತೆಗೂ ಒಂದು ಪಹಣಿ ಬೇಕು

ಕಲಬುರಗಿ ನಗರದಿಂದ ಹುಮನಾಬಾದಿನ ದಿಕ್ಕಿಗೆ ಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರು ಸಾಗಿದರೆ, ಕೆಂಪು ಬಾಳೆಗೆ ಹೆಸರಾದ ಕಮಲಾಪುರವು ಸಿಗುತ್ತದೆ. ಆ ಊರಿನ ರೈತನೊಬ್ಬನು ತನ್ನ ತೋಟದ ಸರ್ವೆ ನಂಬರನ್ನು ಹೇಳಿದರೆ ಸಾಕು. ವಿಸ್ತೀರ್ಣವೆಷ್ಟು, ಒಡೆಯರಾರು, ಬೆಳೆ ಯಾವುದು ಎಂಬುದೆಲ್ಲ ಒಂದೇ ಹಾಳೆಯಲ್ಲಿ ಅಚ್ಚಾಗಿ ಅವನ ಕೈಗೆ ಬರುತ್ತದೆ. ಆದರೆ ಅದೇ ತೋಟದ ಬಾಳೆಗೊನೆಗಳನ್ನು ನಗರಕ್ಕೆ ಸಾಗಿಸುವ ಲಾರಿಯ ಚಾಲಕನು, 'ಈ ದಾರಿಯಲ್ಲಿ ಯಾವ ಕಲ್ಲಿನಿಂದ ಯಾವ ಕಲ್ಲಿನವರೆಗೆ ನನ್ನ ವೇಗದ ಮಿತಿ ಎಷ್ಟು? ಅದನ್ನು ಯಾರು, ಎಂದು, ಏಕೆ ಗೊತ್ತುಮಾಡಿದರು?' ಎಂದು ಕೇಳಿದರೆ, ಅಂಥ ಹಾಳೆಯನ್ನು ಕೊಡುವ ಏರ್ಪಾಡು ನಮ್ಮಲ್ಲಿಲ್ಲ. ಈ ಕೊರತೆಯು ಅಲ್ಪವಾದುದಲ್ಲವೆಂಬುದೇ ನಮ್ಮ ವಾದ.

ರಸ್ತೆಯ ಬದಿಯಲ್ಲಿ ಕೆಂಪು ಬಳೆಯೊಳಗೆ ಬರೆದ ಅಂಕಿಯೇ ಕಾನೂನೆಂದು ನಾವೆಲ್ಲರೂ ತಿಳಿದಿರುತ್ತೇವೆ. ವಾಸ್ತವದಲ್ಲಿ ಅದು ಕಾನೂನಿನ ಅರ್ಧಭಾಗ ಮಾತ್ರ. 1988ರ ಮೋಟಾರು ವಾಹನ ಅಧಿನಿಯಮದ 112ನೆಯ ಪ್ರಕರಣದಂತೆ, ರಾಜ್ಯ ಸರಕಾರವಾಗಲಿ ಅದರಿಂದ ಅಧಿಕಾರ ಪಡೆದವರಾಗಲಿ ಒಂದು ರಸ್ತೆಗೆ ವೇಗದ ಮಿತಿಯನ್ನು ಗೊತ್ತುಮಾಡಬೇಕಾದರೆ ಎರಡು ಕೆಲಸಗಳಾಗಬೇಕು: ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಬೇಕು, ತಕ್ಕ ಸ್ಥಳದಲ್ಲಿ ಫಲಕವನ್ನೂ ನಿಲ್ಲಿಸಬೇಕು. ಒಂದು ತಿಂಗಳಿಗೆ ಮೀರದ ನಿರ್ಬಂಧಕ್ಕೆ ಮಾತ್ರ ಅಧಿಸೂಚನೆ ಬೇಕಿಲ್ಲ. ಆದುದರಿಂದ ಆಧಾರವಿಲ್ಲದ ಫಲಕವೂ ಫಲಕವಿಲ್ಲದ ಆದೇಶವೂ ಸಮಾನವಾಗಿ ಅಪೂರ್ಣ. ಮೊದಲನೆಯದರಿಂದ ನಿರಪರಾಧಿಯು ದಂಡ ತೆತ್ತಾನು. ಎರಡನೆಯದರಿಂದ ಶಾಲೆಗೆ ನಡೆದುಹೋಗುವ ಮಗುವಿನ ಪ್ರಾಣಕ್ಕೆ ಸಂಚಕಾರ ಬಂದೀತು.

ಈ ಎರಡನೆಯ ಮಾತು ಅತಿಶಯೋಕ್ತಿಯಲ್ಲ. ಅಪಾಯವು ಕಣ್ಣಿಗೆ ಬಿದ್ದೊಡನೆ ವಾಹನವು ನಿಲ್ಲುವುದಿಲ್ಲ. ಚಾಲಕನ ಮನಸ್ಸು ಅದನ್ನು ಗ್ರಹಿಸಿ ಕಾಲು ಬ್ರೇಕನ್ನು ಒತ್ತುವವರೆಗೆ ವಾಹನವು ಮೊದಲಿನ ವೇಗದಲ್ಲಿಯೇ ಓಡುತ್ತದೆ; ಅನಂತರ ಅದು ಸವೆಸಬೇಕಾದ ದೂರವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಇವೆರಡನ್ನೂ ಕೂಡಿಸಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ಮಾಡಿರುವ ಗಣನೆಯಂತೆ, ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಬರುವ ವಾಹನಕ್ಕೆ ನಿಲ್ಲಲು 60 ಮೀಟರು ಬೇಕು; 80 ಕಿಲೋಮೀಟರಿಗೆ 120 ಮೀಟರು ಬೇಕು. ಊರ ಬಾಗಿಲಿನ ಫಲಕವೊಂದು ಮಳೆಗಾಳಿಗೆ ಬಿದ್ದುಹೋಯಿತೆಂದು ಇಟ್ಟುಕೊಳ್ಳೋಣ. ಅಲ್ಲಿ ಎಷ್ಟು ಎಂದು ಬರೆದಿತ್ತು, ಯಾವ ಕಲ್ಲಿನ ಬಳಿ ನಿಂತಿತ್ತು ಎಂಬ ಲೆಕ್ಕವು ಕೈಗೆಟುಕುವಂತೆ ಇಲ್ಲದಿದ್ದರೆ, ಅದನ್ನು ಮತ್ತೆ ನಿಲ್ಲಿಸಬೇಕೆಂದು ಕೇಳುವವರಾರು?

'ಅಧಿಸೂಚನೆಗಳು ರಾಜ್ಯಪತ್ರದಲ್ಲಿ ಪ್ರಕಟವಾಗಿವೆಯಲ್ಲ, ಬೇಕಾದವರು ನೋಡಿಕೊಳ್ಳಬಹುದು' ಎಂದು ಅಧಿಕಾರಿಗಳು ಹೇಳಬಹುದು. ಈ ಉತ್ತರವು ಸಾಲದು. ರಾಜ್ಯಪತ್ರವು ದಿನಾಂಕದ ಕ್ರಮದಲ್ಲಿದೆ. ಚಾಲಕನಿಗೆ ಬೇಕಾದುದು ಸ್ಥಳದ ಕ್ರಮ. ಮೇಲಾಗಿ, ಆದೇಶಗಳು ಬದಲಾಗುತ್ತಲೂ ಇರುತ್ತವೆ. ಕೇಂದ್ರ ಸರಕಾರವು 2018ರ ಏಪ್ರಿಲಿನಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಗರಿಷ್ಠ ಮಿತಿಗಳನ್ನು ಪ್ರಕಟಿಸಿ, ನಡುವೆ ವಿಭಜಕವಿರುವ ಚತುಷ್ಪಥದಲ್ಲಿ ಕಾರಿಗೆ 100, ಸರಕಿನ ಲಾರಿಗೆ 80 ಎಂದೂ, ಪುರಸಭೆಯ ಮೇರೆಯೊಳಗೆ ಅವಕ್ಕೆ ಕ್ರಮವಾಗಿ 70 ಮತ್ತು 60 ಎಂದೂ ವಿಧಿಸಿತು. 2021ರಲ್ಲಿ ಮದರಾಸು ಹೈಕೋರ್ಟು ಆ ಅಧಿಸೂಚನೆಯನ್ನು ರದ್ದುಗೊಳಿಸಿತು. ಇಂಥ ಏರಿಳಿತಗಳನ್ನು ದಾರಿಹೋಕನು ತಾನೇ ಶೋಧಿಸಿ ತಿಳಿಯಬೇಕೆನ್ನುವುದು ನ್ಯಾಯವೆ?

ವಿಜ್ಞಾನದ ವಿದ್ಯಾರ್ಥಿಗೆ ಮೊದಲು ಕಲಿಸುವ ಪಾಠವೊಂದುಂಟು: ಸ್ಥಳ, ಕಾಲ, ಮಾನ ಇವು ಮೂರೂ ಇಲ್ಲದ ಅಂಕಿಯು ದಾಖಲೆಯೆನಿಸದು. ಹವಾಮಾನ ಇಲಾಖೆಯವರು ಮಳೆಯನ್ನು ಹೀಗೆಯೇ ಬರೆದಿಡುತ್ತಾರೆ. ಬೆಳಗಿನ 8-30ಕ್ಕೆ ಮುಗಿದ 24 ಗಂಟೆಗಳಲ್ಲಿ ಇಂಥ ಕೇಂದ್ರದಲ್ಲಿ ಇಷ್ಟು ಮಿಲಿಮೀಟರು ಎಂದಿದ್ದರೇ ಅದಕ್ಕೆ ಬೆಲೆ. ವೇಗದ ಮಿತಿಗೂ ಇದೇ ಶಿಸ್ತು ಬೇಕು. ರಸ್ತೆಯ ಸಂಖ್ಯೆ, ಮಿತಿಯು ತೊಡಗುವ ಮತ್ತು ಮುಗಿಯುವ ಕಲ್ಲು, ವಾಹನದ ವರ್ಗ, ಆದೇಶದ ಸಂಖ್ಯೆ ಮತ್ತು ದಿನಾಂಕ, ಕಾರಣ, ಫಲಕವನ್ನು ಕೊನೆಯ ಸಲ ಪರೀಕ್ಷಿಸಿದ ದಿನ, ಇಷ್ಟನ್ನು ಒಂದು ಸಾಲಿನಲ್ಲಿ ಬರೆದರೆ ಅದೇ ರಸ್ತೆಯ ಪಹಣಿ. ಅದು ಕನ್ನಡದಲ್ಲಿ ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ತೂಗಬೇಕು. ಗಣಕಯಂತ್ರವು ಓದಬಲ್ಲ ರೂಪದಲ್ಲಿ ಯಾರಿಗಾದರೂ ಬಿಟ್ಟಿಯಾಗಿ ಸಿಗುವಂತಿರಬೇಕು.

ಇದು ಹೊಸ ಕಲ್ಪನೆಯೇನೂ ಅಲ್ಲ. ಫಿನ್ಲೆಂಡ್ ದೇಶದ 'ಡಿಜಿರೋಡ್' ಎಂಬ ರಾಷ್ಟ್ರೀಯ ದಾಖಲೆಯಲ್ಲಿ ರಸ್ತೆಗಳ ವೇಗಮಿತಿಯು ಸಾರ್ವಜನಿಕರಿಗೆಲ್ಲ ತೆರೆದಿದೆ. ಯುರೋಪಿನ ಒಕ್ಕೂಟದಲ್ಲಿ 2024ರ ಜುಲೈಯಿಂದ ಮಾರಾಟವಾಗುವ ಹೊಸ ಕಾರುಗಳೆಲ್ಲ ಮಿತಿಯನ್ನು ತಾವೇ ಅರಿತು ಚಾಲಕನನ್ನು ಎಚ್ಚರಿಸಬೇಕು. ನಮ್ಮಲ್ಲಿಯೂ 2021ರ ನಿಯಮದಂತೆ, ಯಂತ್ರದ ಕಣ್ಣು ವೇಗವನ್ನು ಹಿಡಿದು ದಂಡದ ಚೀಟಿಗೆ ಆಧಾರವಾಗಬಹುದು. ಯಂತ್ರಕ್ಕೆ ವಿವೇಕವಿಲ್ಲ, ಅದಕ್ಕೆ ಉಣಿಸಿದ ಅಂಕಿಯು ತಪ್ಪಾದರೆ ಅದು ಅದೇ ತಪ್ಪನ್ನು ಸಾವಿರ ಸಲ ಮಾಡುತ್ತದೆ.

ವೆಚ್ಚದ ಮಾತೆತ್ತುವವರಿಗೆ ನಮ್ಮ ರಾಜ್ಯವೇ ಉತ್ತರ ಕೊಟ್ಟಿದೆ. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಅದರ ಮುಂದೆ ವೇಗಮಿತಿಗಳ ಪಟ್ಟಿಯು ಎಷ್ಟರದು? 2005ರ ಮಾಹಿತಿ ಹಕ್ಕಿನ ಅಧಿನಿಯಮದ 4ನೆಯ ಪ್ರಕರಣವು, ಜನರು ಕೇಳುವ ಮೊದಲೇ ತಿಳಿಸುವುದನ್ನು ಕಚೇರಿಗಳ ಕರ್ತವ್ಯವನ್ನಾಗಿ ಮಾಡಿದೆ.

ಕೇವಲ ಕಾಗದದಿಂದ ಲಾರಿಯ ವೇಗವು ತಗ್ಗದೆಂಬುದನ್ನು ನಾವು ಬಲ್ಲೆವು. ಆದರೆ ಪ್ರಜೆಯು ಪಾಲಿಸಬೇಕಾದ ಮಿತಿಯನ್ನು ಅವನಿಗೆ ಸ್ಪಷ್ಟವಾಗಿ ತಿಳಿಸದೆ ದಂಡವನ್ನು ಮಾತ್ರ ಸ್ಪಷ್ಟವಾಗಿ ತಿಳಿಸುವುದು ಆಡಳಿತಕ್ಕೆ ಶೋಭಿಸದು. ಕಲಬುರಗಿಯಿಂದ ಕಮಲಾಪುರದವರೆಗಿನ ಈ 35 ಕಿಲೋಮೀಟರುಗಳಿಂದಲೇ ಕೆಲಸವು ಮೊದಲಾಗಲಿ. ಕಲ್ಲುಗಳು ಈಗಾಗಲೇ ನಿಂತಿವೆ. ಅವುಗಳ ಎದುರಿಗೆ ಅಂಕಿಗಳನ್ನು ಬರೆಯುವುದಷ್ಟೇ ಉಳಿದಿದೆ.